ಗಿರಾಕಿಯ ಹೆಸರಿಗೆ ಎಷ್ಟು ಅಂಕಣ?

ಹಿಂದಿನ ಕಾಲದ ವರ್ತಕನಿಗೆ ತನ್ನ ಗಿರಾಕಿಗಳ ಸಮಾಚಾರವೆಲ್ಲ ಬಾಯಿಪಾಠವಾಗಿರುತ್ತಿತ್ತು. ಯಾರ ಮನೆಯಲ್ಲಿ ಮದುವೆ ಗೊತ್ತಾಗಿದೆ, ಯಾರು ಸುಗ್ಗಿಯಾದ ಮೇಲೆ ಬಾಕಿ ತೀರಿಸುವವರು, ಯಾರಿಗೆ ಕಡ ಕೊಡಲಾಗದು ಎಂಬುದೆಲ್ಲ ಅವನ ತಲೆಯಲ್ಲಿತ್ತು. ಕಿರ್ದಿ ಖಾತೆಗಳ ಪುಸ್ತಕದಲ್ಲಿದ್ದುದು ಹಣದ ಲೆಕ್ಕ ಮಾತ್ರ. ಗಿರಾಕಿಗಳು ಇನ್ನೂರು ಮುನ್ನೂರು ಮಂದಿ ಇರುವವರೆಗೆ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ. ಅವರೇ ಎರಡು ಲಕ್ಷ ಮಂದಿಯಾದರೆ? ಸರಕು ಮಾರುವವರು ಒಬ್ಬರು, ದುರಸ್ತಿಗೆ ಹೋಗುವವರು ಮತ್ತೊಬ್ಬರು, ದೂರು ಕೇಳುವವರು ಇನ್ನೊಬ್ಬರು. ಒಬ್ಬರ ತಲೆಯಲ್ಲಿರುವುದು ಮತ್ತೊಬ್ಬರಿಗೆ ತಿಳಿಯುವ ಬಗೆಯೆಂತು? ಈ ತೊಡಕನ್ನು ಬಿಡಿಸಲು ಹುಟ್ಟಿದುದೇ ಗ್ರಾಹಕ ಸಂಬಂಧ ನಿರ್ವಹಣೆಯ ತಂತ್ರಾಂಶ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಹಿಡಿದು ಇದನ್ನು ಸಿ.ಆರ್.ಎಂ. ಎಂದು ಕರೆಯುವುದು ವಾಡಿಕೆ. ೧೯೯೩ರಲ್ಲಿ ಅಮೆರಿಕದಲ್ಲಿ ಆರಂಭವಾದ ಸೀಬೆಲ್ ಸಿಸ್ಟಮ್ಸ್ ಇಂಥ ತಂತ್ರಾಂಶವನ್ನು ದೊಡ್ಡ ಕಂಪನಿಗಳ ಕಚೇರಿಗಳೊಳಕ್ಕೆ ಕೊಂಡೊಯ್ದಿತು. ೧೯೯೯ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹುಟ್ಟಿದ ಸೇಲ್ಸ್‌ಫೋರ್ಸ್ ಅದನ್ನು ಅಂತರಜಾಲದ ಮೂಲಕ ಬಾಡಿಗೆಗೆ ಕೊಡತೊಡಗಿತು.

ಇದೇನು ಗುಮಾಸ್ತರ ವಿಷಯವಲ್ಲವೇ, ವಿಜ್ಞಾನದ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ವಾಚಕರು ಕೇಳಬಹುದು. ಆದರೆ ಮನುಷ್ಯನೊಬ್ಬನ ವಿವರವನ್ನು ಯಂತ್ರದಲ್ಲಿ ಯಾವ ಆಕಾರದಲ್ಲಿ ಇಡಬೇಕು ಎಂಬ ಪ್ರಶ್ನೆಯ ಬೆನ್ನು ಹಿಡಿದರೆ ನಾವು ತರ್ಕಶಾಸ್ತ್ರದ ಬಾಗಿಲಿಗೂ, ಲಿಪಿಶಾಸ್ತ್ರದ ಬಾಗಿಲಿಗೂ, ಒಮ್ಮೊಮ್ಮೆ ಸಾವು ಬದುಕಿನ ಬಾಗಿಲಿಗೂ ಹೋಗಿ ನಿಲ್ಲುತ್ತೇವೆ.

ಇಂಥ ತಂತ್ರಾಂಶದ ಜೀವಾಳವೆಂದರೆ ‘ಫೀಲ್ಡ್’. ಸರ್ಕಾರಿ ಕಾಗದಗಳಲ್ಲಿ ಇದಕ್ಕೆ ಕಾಲಂ ಎನ್ನುತ್ತಾರೆ. ಪಹಣಿಯ ಒಂಬತ್ತನೆಯ ಕಾಲಂನಲ್ಲಿ ಯಾರ ಹೆಸರಿದೆ ಎಂದು ವಿಚಾರಿಸದೆ ನಮ್ಮಲ್ಲಿ ಯಾರೂ ಜಮೀನು ಕೊಳ್ಳುವುದಿಲ್ಲ. ಈ ಲೇಖನದಲ್ಲಿ ನಾವು ಅಂಕಣ ಎಂಬ ಮಾತನ್ನು ಬಳಸೋಣ. ನಮ್ಮ ಹಳೆಯ ಮನೆಗಳಲ್ಲಿ ಕಂಬ ಕಂಬಗಳ ನಡುವಣ ಅವಕಾಶಕ್ಕೆ ಅಂಕಣವೆಂದು ಹೆಸರು. ಮನೆ ಎಷ್ಟು ದೊಡ್ಡದೆಂಬುದನ್ನು ಅಂಕಣಗಳ ಲೆಕ್ಕದಲ್ಲಿಯೇ ಹೇಳುತ್ತಿದ್ದರು. ದತ್ತಾಂಶದ ಮನೆಯಲ್ಲೂ ಹಾಗೆಯೇ. ಹೆಸರಿಗೊಂದು ಅಂಕಣ, ಊರಿಗೊಂದು, ದೂರವಾಣಿಗೊಂದು. ತಂತ್ರಾಂಶವನ್ನು ಕೊಂಡವರಿಗೆ ಇಂಥ ಕೆಲವು ಅಂಕಣಗಳು ಕಟ್ಟಿಯೇ ಸಿಗುತ್ತವೆ. ಉಳಿದವನ್ನು ತಮ್ಮ ವ್ಯಾಪಾರಕ್ಕೆ ತಕ್ಕಂತೆ ತಾವೇ ಕಟ್ಟಿಕೊಳ್ಳಬೇಕು. ನೀರೆತ್ತುವ ಪಂಪುಗಳನ್ನು ಮಾರುವವನಿಗೆ ಬಾವಿಯ ಆಳ ಬೇಕು, ಕನ್ನಡಕ ಮಾರುವವನಿಗೆ ಗಾಜಿನ ಸಂಖ್ಯೆ ಬೇಕು. ಹೊಸ ಅಂಕಣವೊಂದನ್ನು ಕಟ್ಟುವಾಗ ಯಂತ್ರವು ನಮ್ಮನ್ನು ಕೆಲವು ಪ್ರಶ್ನೆಗಳನ್ನು ಕೇಳುತ್ತದೆ. ಇದರ ಹೆಸರೇನು? ಇದರೊಳಗೆ ಬರುವುದು ಅಂಕಿಯೋ, ಅಕ್ಷರವೋ, ದಿನಾಂಕವೋ? ಎಷ್ಟು ಅಗಲವಿರಲಿ? ಖಾಲಿ ಬಿಡಲು ಅನುಮತಿಯುಂಟೋ ಇಲ್ಲವೋ? ಪ್ರಶ್ನೆಗಳು ಸರಳ, ಉತ್ತರಗಳು ಅಷ್ಟು ಸರಳವಲ್ಲ.

ಅಂಕಣದ ಅಗಲವೆಂಬ ಚಿಂತೆ ಗಣಕಯಂತ್ರಕ್ಕಿಂತ ಹಳೆಯದು. ೧೮೮೦ರ ಅಮೆರಿಕದ ಜನಗಣತಿಯ ಲೆಕ್ಕವನ್ನು ಕೈಯಿಂದ ಕೂಡಿ ಮುಗಿಸಲು ಏಳೆಂಟು ವರ್ಷ ಹಿಡಿಯಿತು. ೧೮೯೦ರ ಗಣತಿಗೆ ಹರ್ಮನ್ ಹಾಲರಿತ್ ಎಂಬ ಎಂಜಿನಿಯರು ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆಯುವ ಉಪಾಯ ಮಾಡಿದನು. ತೂತು ಯಾವ ಸ್ಥಳದಲ್ಲಿದೆ ಎಂಬುದರಿಂದಲೇ ಅದರ ಅರ್ಥ ತಿಳಿಯುತ್ತಿತ್ತು: ಇಲ್ಲಿದ್ದರೆ ಗಂಡಸು, ಅಲ್ಲಿದ್ದರೆ ಹೆಂಗಸು. ೧೯೨೮ರಲ್ಲಿ ಐ.ಬಿ.ಎಂ. ಕಂಪನಿ ಹೊರತಂದ ಕಾರ್ಡಿನಲ್ಲಿ ಎಂಬತ್ತು ಸಾಲುಗಳಿದ್ದುವು, ಒಂದು ಸಾಲಿಗೆ ಒಂದು ಅಕ್ಷರ. ಗಿರಾಕಿಯ ಹೆಸರು, ವಿಳಾಸ, ಬಾಕಿ ಎಲ್ಲವೂ ಆ ಎಂಬತ್ತರಲ್ಲಿಯೇ ಅಡಗಬೇಕು. ಆದಕಾರಣ ಇಸವಿಯನ್ನು ಬರೆಯುವಾಗ ಮುಂದಿನ ‘೧೯’ನ್ನು ಬಿಟ್ಟು ‘೫೮’ ಎಂದಷ್ಟೇ ಕೊರೆಯುವುದು ಜಾಣತನವೆನಿಸಿತು. ಕಾರ್ಡುಗಳು ಹೋದವು, ಕಾಂತಪಟ್ಟಿಗಳು ಬಂದವು, ಜ್ಞಾಪಕಶಕ್ತಿ ಅಗ್ಗವಾಯಿತು. ಎರಡಂಕೆಯ ಅಂಕಣ ಮಾತ್ರ ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಆನುವಂಶಿಕವಾಗಿ ಇಳಿದು ಬಂತು. ೨೦೦೦ದ ಇಸವಿ ಹತ್ತಿರವಾದಾಗ ‘೦೦’ ಎಂದರೆ ೧೯೦೦ ಎಂದು ಯಂತ್ರಗಳು ಭ್ರಮಿಸಬಹುದೆಂಬ ಭಯ ಜಗತ್ತನ್ನೆಲ್ಲ ಆವರಿಸಿತು. ಅದನ್ನು ತಿದ್ದುವ ಕೆಲಸದಲ್ಲಿ ಬೆಂಗಳೂರಿನ ತಂತ್ರಾಂಶ ಕಂಪನಿಗಳಿಗೂ ದೊಡ್ಡ ಪಾಲು ದೊರೆಯಿತು. ಎರಡು ತೂತುಗಳ ಉಳಿತಾಯಕ್ಕೆ ನಾಲ್ಕು ದಶಕಗಳ ತರುವಾಯ ತೆತ್ತ ಬಡ್ಡಿ ಅದು.

ಇನ್ನು ಅಂಕಣದ ಜಾತಿಯ ವಿಚಾರ. ದೂರವಾಣಿಯಲ್ಲಿರುವುದೆಲ್ಲ ಅಂಕೆಗಳೇ ತಾನೆ, ಅದನ್ನು ಸಂಖ್ಯೆಯ ಜಾತಿಗೆ ಸೇರಿಸೋಣ ಎಂದು ಹೊಸಬರಿಗೆ ತೋರುವುದು ಸಹಜ. ಹಾಗೆ ಮಾಡಿ ಬೆಂಗಳೂರಿನ ‘೦೮೦’ ಎಂಬ ಸಂಕೇತವನ್ನು ಬರೆದು ನೋಡಿರಿ. ಗಣಿತದಲ್ಲಿ ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ. ಯಂತ್ರವು ಅದನ್ನು ಉದುರಿಸಿ ‘೮೦’ ಎಂದು ಇಟ್ಟುಕೊಳ್ಳುತ್ತದೆ. ಅಮೆರಿಕದ ಬಾಸ್ಟನ್ ನಗರದ ಅಂಚೆ ಸಂಖ್ಯೆಗಳು ‘೦೨’ರಿಂದ ಮೊದಲಾಗುತ್ತವೆ, ಅವುಗಳಿಗೂ ಇದೇ ಗತಿ. ೧೯೭೨ರ ಆಗಸ್ಟ್ ೧೫ರಂದು ಜಾರಿಗೆ ಬಂದ ನಮ್ಮ ಆರಂಕೆಯ ಪಿನ್ ಕೋಡಿನಲ್ಲಿ ಮೊದಲಂಕೆ ಸೊನ್ನೆಯಾಗಿರುವುದಿಲ್ಲವಾದುದರಿಂದ ನಾವು ಆ ಒಂದು ಗಂಡಾಂತರದಿಂದ ಪಾರಾದೆವು. ಅಂಕಣದ ಜಾತಿಯನ್ನು ನಿರ್ಣಯಿಸಲು ಒಂದು ಒರೆಗಲ್ಲುಂಟು: ಇವುಗಳಲ್ಲಿ ಎರಡನ್ನು ಕೂಡಿದರೆ ಬರುವ ಮೊತ್ತಕ್ಕೆ ಅರ್ಥವಿದೆಯೆ? ಎರಡು ಬಾವಿಗಳ ಆಳವನ್ನು ಕೂಡಿ ಸರಾಸರಿ ತೆಗೆಯಬಹುದು. ಎರಡು ದೂರವಾಣಿ ಸಂಖ್ಯೆಗಳ ಸರಾಸರಿಯಿಂದ ಯಾರಿಗೆ ಕರೆ ಹೋಗುತ್ತದೆ? ಆದುದರಿಂದ ಅದು ಅಂಕೆಗಳಲ್ಲಿ ಬರೆದ ಹೆಸರೇ ಹೊರತು ಸಂಖ್ಯೆಯಲ್ಲ. ಎಕ್ಸೆಲ್ ಎಂಬ ಪ್ರಸಿದ್ಧ ತಂತ್ರಾಂಶವು ಸಂಖ್ಯೆಯಲ್ಲಿ ಹದಿನೈದು ಅಂಕೆಗಳನ್ನಷ್ಟೇ ಸರಿಯಾಗಿ ಕಾಪಾಡುತ್ತದೆ. ಹದಿನಾರು ಅಂಕೆಗಳ ಖಾತೆ ಸಂಖ್ಯೆಯನ್ನು ಅದರಲ್ಲಿ ಸಂಖ್ಯೆಯಾಗಿ ಬರೆದರೆ ಕೊನೆಯ ಅಂಕೆ ಸದ್ದಿಲ್ಲದೆ ಸೊನ್ನೆಯಾಗಿಬಿಡುತ್ತದೆ.

ಜೀವವಿಜ್ಞಾನಿಗಳೂ ಈ ಬಲೆಗೆ ಸಿಕ್ಕಿದ್ದುಂಟು. ಮನುಷ್ಯನ ಜೀನುಗಳಲ್ಲಿ ಕೆಲವಕ್ಕೆ ‘ಸೆಪ್ಟ್ ೨’, ‘ಮಾರ್ಚ್ ೧’ ಎಂಬಂಥ ಸಂಕ್ಷಿಪ್ತ ನಾಮಗಳಿದ್ದುವು. ಇವನ್ನು ಕಂಡೊಡನೆ ಎಕ್ಸೆಲ್ ಇದು ದಿನಾಂಕವೆಂದು ತಾನೇ ತೀರ್ಮಾನಿಸಿ ಸೆಪ್ಟೆಂಬರ್ ೨, ಮಾರ್ಚ್ ೧ ಎಂದು ತಿದ್ದಿಬಿಡುತ್ತಿತ್ತು. ಜೀನುಗಳ ಪಟ್ಟಿಗಳನ್ನು ಎಕ್ಸೆಲ್ ಕಡತಗಳಲ್ಲಿ ಲಗತ್ತಿಸಿದ್ದ ಸಂಶೋಧನ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಈ ಬಗೆಯ ತಪ್ಪುಗಳಿಂದ ಕೂಡಿವೆಯೆಂದು ೨೦೧೬ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ತೋರಿಸಿತು. ೨೦೨೦ರಲ್ಲಿ ಜೀನುಗಳ ನಾಮಕರಣ ಸಮಿತಿಯೇ ಸೋತು ಅವುಗಳ ಹೆಸರನ್ನು ‘ಸೆಪ್ಟಿನ್ ೨’, ‘ಮಾರ್ಚ್‌ಎಫ್ ೧’ ಎಂದು ಬದಲಾಯಿಸಿತು. ಪ್ರಕೃತಿಯ ವಸ್ತುವಿಗೆ ಇಟ್ಟ ಹೆಸರು ಅಂಗಡಿ ಲೆಕ್ಕದ ತಂತ್ರಾಂಶಕ್ಕಾಗಿ ಬದಲಾದ ಪ್ರಸಂಗ ವಿಜ್ಞಾನದ ಚರಿತ್ರೆಯಲ್ಲಿ ಹೆಚ್ಚಿರಲಾರದು.

ಕನ್ನಡಿಗರಾದ ನಮಗೆ ಇದಕ್ಕಿಂತ ಹತ್ತಿರದ ವಿಷಯವೆಂದರೆ ಅಕ್ಷರಗಳ ಅಳತೆ. ಅಂಕಣದ ಅಗಲ ನಲವತ್ತು ಎಂದು ನಿಗದಿ ಮಾಡಿದರೆ, ನಲವತ್ತು ಏನು? ಇಂಗ್ಲಿಷ್ ಬರೆಯುವವನಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಒಂದು ಅಕ್ಷರಕ್ಕೆ ಒಂದು ಬೈಟು. ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಕೋಷ್ಟಕದಲ್ಲಿ ಕೂರಿಸುವ ಯೂನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಅಲ್ಲಿ ವ್ಯಂಜನಕ್ಕೊಂದು ಸಂಕೇತ, ಸ್ವರಚಿಹ್ನೆಗೊಂದು, ಅನುಸ್ವಾರಕ್ಕೊಂದು, ಒತ್ತಕ್ಷರವನ್ನು ಬೆಸೆಯುವ ಹಲಂತ ಚಿಹ್ನೆಗೊಂದು. ಈಗ ‘ವೆಂಕಟಲಕ್ಷ್ಮಮ್ಮ’ ಎಂಬ ಹೆಸರನ್ನು ತೆಗೆದುಕೊಳ್ಳಿರಿ. ಶಾಲೆಯ ಹುಡುಗನನ್ನು ಕೇಳಿದರೆ ಆರು ಅಕ್ಷರ ಎನ್ನುವನು: ವೆಂ, ಕ, ಟ, ಲ, ಕ್ಷ್ಮ, ಮ್ಮ. ಯೂನಿಕೋಡಿನ ಲೆಕ್ಕದಲ್ಲಿ ‘ವೆಂ’ಗೆ ಮೂರು ಸಂಕೇತ, ‘ಕಟಲ’ಕ್ಕೆ ಮೂರು, ‘ಕ್ಷ್ಮ’ಕ್ಕೆ ಐದು, ‘ಮ್ಮ’ಕ್ಕೆ ಮೂರು, ಒಟ್ಟು ಹದಿನಾಲ್ಕು. ಎಲ್ಲೆಡೆ ಬಳಕೆಯಲ್ಲಿರುವ ಯು.ಟಿ.ಎಫ್.-೮ ಎಂಬ ಬರಹ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಹದಿನಾಲ್ಕು ಮೂರಲ ನಲವತ್ತೆರಡು. ಇದೇ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಹದಿನೇಳೇ ಬೈಟುಗಳಲ್ಲಿ ಮುಗಿಯುತ್ತಿತ್ತು.

ಅಂಕಣವನ್ನು ಬೈಟುಗಳಲ್ಲಿ ಅಳೆಯುವ ದತ್ತಸಂಚಯಗಳುಂಟು. ಅಂಥಲ್ಲಿ ನಲವತ್ತರ ಅಂಕಣಕ್ಕೆ ನಲವತ್ತೆರಡನ್ನು ತುಂಬಹೊರಟರೆ ಎರಡರಲ್ಲಿ ಒಂದಾಗುತ್ತದೆ: ಯಂತ್ರ ಹೆಸರನ್ನೇ ನಿರಾಕರಿಸುತ್ತದೆ, ಇಲ್ಲವೆ ಬಾಲವನ್ನು ಕತ್ತರಿಸಿ ‘ವೆಂಕಟಲಕ್ಷ್ಮಮ್’ ಎಂದು ಇಟ್ಟುಕೊಳ್ಳುತ್ತದೆ. ಬ್ಯಾಂಕಿನ ದಾಖಲೆಯಲ್ಲಿ ಒಂದು ಹೆಸರು, ಪಡಿತರದ ದಾಖಲೆಯಲ್ಲಿ ಇನ್ನೊಂದು ಹೆಸರು ಆದ ಮೇಲೆ ಎರಡೂ ಒಬ್ಬಾಕೆಯದೇ ಎಂದು ಸಾಧಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಾದವರು ಅಂಕಣ ಕಟ್ಟಿದವರಲ್ಲ, ವೆಂಕಟಲಕ್ಷ್ಮಮ್ಮನವರೇ. ಕನ್ನಡದಲ್ಲಿ ಬರೆಯುವವರಿಗಾಗಿ ಅಂಕಣ ಕಟ್ಟುವಾಗ ಇಂಗ್ಲಿಷಿಗೆ ಸಾಕೆನಿಸುವ ಅಗಲವನ್ನು ಮೂರು ಪಾಲಿಗಿಂತ ಕಡಿಮೆ ಮಾಡಬಾರದೆಂಬುದು ನಮ್ಮ ಅಭಿಪ್ರಾಯ.

ಅಗಲ ಸರಿಹೋಯಿತೆನ್ನೋಣ, ಹೆಸರಿನ ಕಥೆ ಅಲ್ಲಿಗೆ ಮುಗಿಯದು. ಪಶ್ಚಿಮದಲ್ಲಿ ಹುಟ್ಟಿದ ಬಹುತೇಕ ಸಿ.ಆರ್.ಎಂ.ಗಳಲ್ಲಿ ಹೆಸರಿಗೆ ಎರಡು ಅಂಕಣಗಳಿವೆ: ಮೊದಲ ಹೆಸರು, ಕೊನೆಯ ಹೆಸರು. ಕೊನೆಯದೆಂದರೆ ವಂಶದ ಹೆಸರು ಎಂಬುದು ಅಲ್ಲಿನವರ ತಿಳಿವಳಿಕೆ. ಸೇಲ್ಸ್‌ಫೋರ್ಸಿನಲ್ಲಿ ಈ ಕೊನೆಯ ಹೆಸರನ್ನು ಖಾಲಿ ಬಿಡಲು ಬರುವುದಿಲ್ಲ. ಹಳೆಯ ಮೈಸೂರಿನ ಕಡೆಯ ಹೆಸರುಗಳನ್ನು ಇದಕ್ಕೆ ಹೊಂದಿಸುವುದೆಂತು? ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆ, ಮೂರನೆಯದೇ ವ್ಯಕ್ತಿ. ಯಂತ್ರವು ತನಗೆ ಕಲಿಸಿದಂತೆ ಮೊದಲ ಹೆಸರನ್ನು ಹಿಡಿದು ‘ಪ್ರಿಯ ಕುಪ್ಪಳಿ’ ಎಂದು ಕಾಗದ ಬರೆಯುತ್ತದೆ. ಅಂದರೆ ಮಲೆನಾಡಿನ ಒಂದು ಹಳ್ಳಿಯನ್ನು ಉದ್ದೇಶಿಸಿ ಮಾತನಾಡುತ್ತದೆ. ‘ಪುಟ್ಟಪ್ಪ ಕೆ. ವಿ.’ ಎಂದು ತಿರುಗಿಸಿ ಬರೆದರೆ ‘ಶ್ರೀಮಾನ್ ಕೆ. ವಿ. ಅವರೇ’ ಎನ್ನುತ್ತದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಇಂದು ಇದ್ದು ಅಂತರಜಾಲದಲ್ಲಿ ಏನನ್ನಾದರೂ ಕೊಂಡಿದ್ದರೆ ಅವರಿಗೂ ಊರಿನ ಹೆಸರಿನ ಆತ್ಮೀಯ ಸಂಬೋಧನೆಯೇ ದೊರೆಯುತ್ತಿತ್ತು. ಒಂದೇ ಹೆಸರುಳ್ಳವರು ಬಂದರೆ ಗುಮಾಸ್ತರು ಎರಡನೆಯ ಅಂಕಣದಲ್ಲಿ ಒಂದು ಚುಕ್ಕೆಯನ್ನಿಟ್ಟು ಯಂತ್ರವನ್ನು ಸಮಾಧಾನಪಡಿಸುವುದುಂಟು.

ಇದು ನಗುವ ವಿಷಯವೆಂದು ಬಿಡುವಂತಿಲ್ಲ. ೨೦೨೨ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಸರ್ಕಾರವು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರುಳ್ಳವರಿಗೆ ಸಂದರ್ಶಕರ ವೀಸಾದ ಮೇಲೆ ಪ್ರವೇಶವಿಲ್ಲವೆಂದು ವಿಮಾನ ಕಂಪನಿಗಳಿಗೆ ತಿಳಿಸಿತು. ತಂದೆತಾಯಿಗಳು ಇಟ್ಟ ಒಂದೇ ಹೆಸರಿನಲ್ಲಿ ಮರ್ಯಾದೆಯಿಂದ ಬಾಳಿದವನು ಒಂದು ಖಾಲಿ ಅಂಕಣದ ದೆಸೆಯಿಂದ ವಿಮಾನ ನಿಲ್ದಾಣದಲ್ಲಿಯೇ ಉಳಿಯಬೇಕಾಗುವ ಸ್ಥಿತಿ ಅದು. ಅಂತರಜಾಲದ ಶಿಷ್ಟತೆಗಳನ್ನು ರೂಪಿಸುವ ಡಬ್ಲ್ಯು೩ಸಿ ಸಂಸ್ಥೆಯು ಇದಕ್ಕೊಂದು ದಾರಿ ತೋರಿಸಿದೆ. ಅಗತ್ಯವಿಲ್ಲದಿದ್ದರೆ ಹೆಸರನ್ನು ಒಡೆಯಲೇಬೇಡಿ; ಪೂರ್ಣ ಹೆಸರಿಗೆ ಒಂದೇ ಅಂಕಣವಿಡಿ; ಬೇಕಾದರೆ ‘ನಿಮ್ಮನ್ನು ಏನೆಂದು ಕರೆಯೋಣ?’ ಎಂದು ಪಕ್ಕದಲ್ಲಿ ಇನ್ನೊಂದನ್ನು ಕೇಳಿರಿ. ಹಳ್ಳಿಯಲ್ಲಿ ಹೊಸಬರನ್ನು ನಾವು ಕೇಳುವ ಮಾತೂ ಇದೇ ಅಲ್ಲವೇ!

ಖಾಲಿ ಅಂಕಣದ ಅರ್ಥವೇನು ಎಂಬುದು ಮತ್ತೊಂದು ಸ್ವಾರಸ್ಯದ ಪ್ರಶ್ನೆ. ದತ್ತಾಂಶವನ್ನು ಕೋಷ್ಟಕಗಳಲ್ಲಿ ಜೋಡಿಸುವ ಗಣಿತವನ್ನು ೧೯೭೦ರಲ್ಲಿ ಪ್ರತಿಪಾದಿಸಿದ ಐ.ಬಿ.ಎಂ. ಕಂಪನಿಯ ಎಡ್ಗರ್ ಕಾಡ್, ಆಮೇಲೆ ೧೯೭೯ರ ಪ್ರಬಂಧದಲ್ಲಿ ಖಾಲಿ ಸ್ಥಾನಕ್ಕೂ ತರ್ಕವೊಂದನ್ನು ಹೂಡಿದನು. ಗೊತ್ತಿಲ್ಲದುದು ಸೊನ್ನೆಯಲ್ಲ, ಖಾಲಿ ಅಕ್ಷರವೂ ಅಲ್ಲ, ಅದು ‘ನಲ್’. ಅದನ್ನು ಯಾವುದರೊಡನೆ ಹೋಲಿಸಿದರೂ ಬರುವ ಉತ್ತರ ಹೌದೂ ಅಲ್ಲ, ಅಲ್ಲವೂ ಅಲ್ಲ, ‘ತಿಳಿಯದು’ ಎಂಬ ಮೂರನೆಯ ಬೆಲೆ. ಸಾವಿರ ಗಿರಾಕಿಗಳಲ್ಲಿ ಇನ್ನೂರು ಮಂದಿಯ ವಯಸ್ಸು ಬರೆದಿಲ್ಲವೆಂದು ಭಾವಿಸಿರಿ. ಅರವತ್ತು ತುಂಬಿದವರನ್ನು ಎಣಿಸು ಎಂದರೆ ಯಂತ್ರ ನೂರೈವತ್ತು ಎನ್ನುತ್ತದೆ. ಅರವತ್ತು ತುಂಬದವರನ್ನು ಎಣಿಸು ಎಂದರೆ ಎಂಟುನೂರೈವತ್ತು ಬರಬೇಕಲ್ಲವೇ? ಬರುವುದು ಆರುನೂರೈವತ್ತು. ಉಳಿದ ಇನ್ನೂರು ಮಂದಿ ಎರಡು ಪಟ್ಟಿಗಳಲ್ಲಿಯೂ ಇಲ್ಲ. ರಿಯಾಯಿತಿಯ ಕಾಗದ ಹೋಗಬೇಕಾದಾಗ ಅವರನ್ನು ಕೇಳುವವರೇ ಇಲ್ಲ.

ಹಾಗಾದರೆ ಖಾಲಿ ಬಿಡದಂತೆ ಕಡ್ಡಾಯ ಮಾಡೋಣವೆಂದರೆ ಬೇರೊಂದು ರೋಗ ಹತ್ತುತ್ತದೆ. ಕಡ್ಡಾಯವಾದೊಡನೆ ಜನ ಏನನ್ನಾದರೂ ತುಂಬುತ್ತಾರೆ. ಹುಟ್ಟಿದ ದಿನ ತಿಳಿಯದವರೆಲ್ಲ ಜನವರಿ ಒಂದರಂದು ಹುಟ್ಟುತ್ತಾರೆ. ದೇಶಗಳ ಪಟ್ಟಿಯಲ್ಲಿ ಅಫ್ಘಾನಿಸ್ತಾನ ಮೊದಲಿದ್ದರೆ ಅಲ್ಲಿ ಇದ್ದಕ್ಕಿದ್ದಂತೆ ಗಿರಾಕಿಗಳು ಹೆಚ್ಚುತ್ತಾರೆ. ಸುಳ್ಳಿಗಿಂತ ಖಾಲಿ ಮೇಲು, ಏಕೆಂದರೆ ಖಾಲಿ ಇರುವುದನ್ನು ಹುಡುಕಿ ತೆಗೆಯಬಹುದು. ಈ ವಿಷಯದಲ್ಲಿ ಆಧಾರ್ ದಾಖಲೆಯ ರಚನೆ ಮೆಚ್ಚತಕ್ಕದ್ದು. ಅಲ್ಲಿ ಹುಟ್ಟಿದ ದಿನಾಂಕದ ಜೊತೆಗೆ ಅದು ಪ್ರಮಾಣಪತ್ರದಿಂದ ಪರಿಶೀಲಿಸಿದುದೋ, ತಾವೇ ಹೇಳಿದುದೋ, ಅಂದಾಜಿನದೋ ಎಂಬುದನ್ನು ತಿಳಿಸುವ ಪ್ರತ್ಯೇಕ ಗುರುತೊಂದಿದೆ. ನೆರೆ ಬಂದ ವರ್ಷ ಹುಟ್ಟಿದೆನೆಂದು ಮಾತ್ರ ಬಲ್ಲ ಮುದುಕಿಗೂ ಅಲ್ಲಿ ಸುಳ್ಳು ಹೇಳದೆ ಇರಲು ಅವಕಾಶವುಂಟು.

ಆಯ್ಕೆಪಟ್ಟಿಯ ವಿಷಯವನ್ನು ಎರಡು ಮಾತಿನಲ್ಲಿ ಹೇಳಿಬಿಡುವೆವು. ಊರಿನ ಹೆಸರನ್ನು ಮನಬಂದಂತೆ ಬರೆಯಲು ಬಿಟ್ಟರೆ ಬೆಂಗಳೂರು, ಬ್ಯಾಂಗಲೋರ್, ಬೆಂಗ್ಳೂರು ಎಂದು ಮೂರು ಊರುಗಳು ಹುಟ್ಟಿಕೊಳ್ಳುತ್ತವೆ. ಪಟ್ಟಿಯಿಂದ ಆರಿಸುವಂತೆ ಮಾಡಿ, ಒಳಗೆ ಒಂದು ಸಂಕೇತವನ್ನಷ್ಟೇ ಇಟ್ಟುಕೊಂಡಿದ್ದರೆ ಹೆಸರನ್ನು ಒಂದೆಡೆ ತಿದ್ದಿದರೆ ಸಾಕು. ೨೦೧೪ರ ನವೆಂಬರ್ ೧ರಂದು ಕರ್ನಾಟಕದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ ಹಾಗೆ ಮಾಡಿದ್ದವರ ಕೆಲಸ ಹನ್ನೆರಡು ತಿದ್ದುಪಡಿಗಳಲ್ಲಿ ಮುಗಿಯುತ್ತಿತ್ತು.

ಇಷ್ಟೆಲ್ಲ ಅಂಕಣಗಳನ್ನು ಸಾವಿರಾರು ಕಂಪನಿಗಳು ತಮಗೆ ತೋಚಿದಂತೆ ದಿನವೂ ಕಟ್ಟುತ್ತ ಕೆಡವುತ್ತ ಇದ್ದರೂ ತಂತ್ರಾಂಶ ಕುಸಿಯುವುದಿಲ್ಲವೇಕೆ? ಇದು ನಿಜವಾಗಿ ಎಂಜಿನಿಯರಿಂಗಿನ ಚಮತ್ಕಾರ. ಸೇಲ್ಸ್‌ಫೋರ್ಸಿನಂಥ ತಂತ್ರಾಂಶವನ್ನು ವಠಾರಕ್ಕೆ ಹೋಲಿಸಬಹುದು: ಒಂದೇ ಕಟ್ಟಡ, ಅನೇಕ ಬಿಡಾರಗಳು, ಒಬ್ಬರ ಅಡುಗೆಮನೆ ಮತ್ತೊಬ್ಬರಿಗೆ ಕಾಣಿಸದು. ಒಬ್ಬ ಬಾಡಿಗೆದಾರನು ಹೊಸ ಅಂಕಣ ಬೇಕೆಂದಾಗಲೆಲ್ಲ ಕಟ್ಟಡದ ಗೋಡೆಯನ್ನೊಡೆದರೆ ಉಳಿದವರ ಗತಿಯೇನು? ಆದಕಾರಣ ಅಲ್ಲಿ ಗೋಡೆಯನ್ನು ಒಡೆಯುವುದೇ ಇಲ್ಲ. ಆ ಕಂಪನಿಯ ಎಂಜಿನಿಯರುಗಳು ೨೦೦೯ರ ಪ್ರಬಂಧವೊಂದರಲ್ಲಿ ವಿವರಿಸಿದಂತೆ, ಎಲ್ಲ ಬಾಡಿಗೆದಾರರ ದತ್ತಾಂಶವೂ ಒಂದೇ ಬೃಹತ್ ಕೋಷ್ಟಕದಲ್ಲಿರುತ್ತದೆ. ಅದರ ಅಂಕಣಗಳಿಗೆ ಅರ್ಥವುಳ್ಳ ಹೆಸರುಗಳಿಲ್ಲ. ‘ಬೆಲೆ ೦’, ‘ಬೆಲೆ ೧’ ಎಂದು ಮೊದಲಾಗಿ ಐನೂರರ ತನಕ ಬರಿಯ ಕ್ರಮಸಂಖ್ಯೆಗಳು. ಅವೆಲ್ಲವೂ ಅಕ್ಷರದ ಜಾತಿಯವೇ. ಯಾರ ಪಾಲಿಗೆ ಯಾವ ಅಂಕಣ ಏನೆಂಬುದನ್ನು ಬರೆದಿಟ್ಟ ಪ್ರತ್ಯೇಕ ದಫ್ತರವೊಂದಿದೆ. ‘ಬೆಲೆ ೩’ ಎಂಬುದು ಪಂಪಿನ ವರ್ತಕನಿಗೆ ಬಾವಿಯ ಆಳ, ಆಸ್ಪತ್ರೆಯವರಿಗೆ ಮಗುವಿನ ಜನ್ಮದಿನ. ಹೊಸ ಅಂಕಣವನ್ನು ಕಟ್ಟುವುದೆಂದರೆ ದಫ್ತರದಲ್ಲಿ ಒಂದು ಸಾಲು ಬರೆಯುವುದು, ಅಷ್ಟೇ.

ಇದರಲ್ಲೊಂದು ತೊಡಕುಂಟು. ಅಕ್ಷರಗಳನ್ನು ಹೋಲಿಸುವಾಗ ಯಂತ್ರ ಎಡದಿಂದ ಒಂದೊಂದನ್ನಾಗಿ ನೋಡುತ್ತದೆ. ‘೧೦’ ಮತ್ತು ‘೯’ ಇದ್ದರೆ ಒಂದು ಒಂಬತ್ತಿಗಿಂತ ಮೊದಲು ಬರುವುದರಿಂದ ಹತ್ತೇ ಚಿಕ್ಕದೆಂದು ತಿಳಿಯುತ್ತದೆ. ಬಾವಿಗಳನ್ನು ಆಳದ ಕ್ರಮದಲ್ಲಿ ಜೋಡಿಸು ಎಂದರೆ ಎಲ್ಲವೂ ತಲೆಕೆಳಗು. ಅದಕ್ಕಾಗಿ, ಹುಡುಕಲು ಜೋಡಿಸಲು ಬೇಕಾದ ಬೆಲೆಗಳ ಪ್ರತಿಯನ್ನು ಇನ್ನೊಂದು ಚಿಕ್ಕ ಕೋಷ್ಟಕದಲ್ಲಿ, ಸಂಖ್ಯೆಯಾದರೆ ಸಂಖ್ಯೆಯಾಗಿಯೇ, ದಿನಾಂಕವಾದರೆ ದಿನಾಂಕವಾಗಿಯೇ ತೆಗೆದಿಡುತ್ತಾರೆ. ಪುಸ್ತಕದ ಕೊನೆಯಲ್ಲಿ ಅಕಾರಾದಿ ಇರುವಂತೆ.

ಹೀಗೆ ಅಂಕಣ ಕಟ್ಟುವುದು ಒಂದು ಸಾಲು ಬರೆದಷ್ಟು ಸುಲಭವಾದುದರಿಂದಲೇ ಜನ ಬೇಕಿಲ್ಲದುದನ್ನೂ ಕಟ್ಟುತ್ತಾರೆ. ಗಿರಾಕಿಯ ಧರ್ಮ, ಜಾತಿ, ಕಾಯಿಲೆ, ಸಂಸಾರದ ಕಷ್ಟ, ‘ಇರಲಿ, ಮುಂದೆಂದಾದರೂ ಉಪಯೋಗಕ್ಕೆ ಬಂದೀತು’ ಎಂದು. ಹೀಗೆ ಯೋಚಿಸುವವರು ನೆದರ್ಲೆಂಡ್ಸ್ ದೇಶದಲ್ಲಿ ನಡೆದುದನ್ನು ತಿಳಿದಿರಬೇಕು. ಎರಡನೆಯ ಮಹಾಯುದ್ಧಕ್ಕೆ ಮೊದಲು ಆ ದೇಶದ ಜನಸಂಖ್ಯಾ ದಫ್ತರ ಬಹು ಅಚ್ಚುಕಟ್ಟಾದುದೆಂದು ಹೆಸರಾಗಿತ್ತು. ಒಬ್ಬೊಬ್ಬ ನಿವಾಸಿಗೂ ಒಂದೊಂದು ಕಾರ್ಡು. ಅದರಲ್ಲಿ ಧರ್ಮಕ್ಕೂ ಒಂದು ಅಂಕಣ. ಅದನ್ನಿಟ್ಟವರಿಗೆ ಯಾವ ದುರುದ್ದೇಶವೂ ಇರಲಿಲ್ಲ. ೧೯೪೦ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ದೇಶವನ್ನು ಆಕ್ರಮಿಸಿತು. ೧೯೪೧ರ ಜನವರಿಯಲ್ಲಿ ಯೆಹೂದಿಗಳೆಲ್ಲ ಹೆಸರು ನೋಂದಾಯಿಸಬೇಕೆಂಬ ಆಜ್ಞೆ ಹೊರಟಿತು. ಯಾರು ನೋಂದಾಯಿಸಿದರು, ಯಾರು ಅಡಗಿದರು ಎಂಬುದನ್ನು ಹೋಲಿಸಿ ನೋಡಲು ಕಾರ್ಡುಗಳು ಸಿದ್ಧವಾಗಿಯೇ ಇದ್ದುವು. ಸುಮಾರು ೧,೪೦,೦೦೦ ಯೆಹೂದಿಗಳಲ್ಲಿ ೧,೦೦,೦೦೦ಕ್ಕೂ ಮಿಕ್ಕಿ ಜನ ಕೊಲೆಯಾದರು. ೧೯೪೩ರ ಮಾರ್ಚ್ ೨೭ರ ರಾತ್ರಿ ಪ್ರತಿರೋಧ ಚಳವಳಿಯವರು ಪೊಲೀಸರ ವೇಷದಲ್ಲಿ ಆಮ್‌ಸ್ಟರ್‌ಡಾಮ್ ನಗರದ ದಫ್ತರದ ಕಟ್ಟಡವನ್ನು ಹೊಕ್ಕು ಕಾರ್ಡುಗಳಿಗೆ ಬೆಂಕಿಯಿಟ್ಟರು. ಬೆಂಕಿ ಆರಿಸಲು ಬಂದವರು ಬೇಕೆಂದೇ ತಡಮಾಡಿ, ಬೇಕಾದುದಕ್ಕಿಂತ ಹೆಚ್ಚು ನೀರು ಸುರಿದು, ಸುಡದೆ ಉಳಿದ ಕಾರ್ಡುಗಳನ್ನೂ ಕೆಡಿಸಿದರಂತೆ. ಆದರೂ ನಾಶವಾದುದು ಒಂದಂಶ ಮಾತ್ರ. ಆ ಸಾಹಸಕ್ಕಾಗಿ ಹನ್ನೆರಡು ಮಂದಿಯನ್ನು ಅದೇ ಜುಲೈ ೧ರಂದು ಗುಂಡಿಟ್ಟು ಕೊಂದರು.

ಬಹುಶಃ ಇಂಥ ನೆನಪುಗಳೇ ಯೂರೋಪಿನವರನ್ನು ಈ ವಿಷಯದಲ್ಲಿ ಎಚ್ಚರಿಕೆಯುಳ್ಳವರನ್ನಾಗಿ ಮಾಡಿವೆ. ೨೦೧೮ರ ಮೇ ತಿಂಗಳಿಂದ ಅಲ್ಲಿ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮವು, ಹೇಳಿದ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟನ್ನೇ ಸಂಗ್ರಹಿಸತಕ್ಕದ್ದೆಂದು ವಿಧಿಸುತ್ತದೆ. ಭಾರತದ ಸಂಸತ್ತು ೨೦೨೩ರಲ್ಲಿ ಅಂಗೀಕರಿಸಿದ ಅಧಿನಿಯಮದಲ್ಲಿಯೂ, ಒಬ್ಬನು ಕೊಟ್ಟ ಒಪ್ಪಿಗೆ ಆ ಉದ್ದೇಶಕ್ಕೆ ಅವಶ್ಯವಾದ ವಿವರಕ್ಕೆ ಮಾತ್ರ ಅನ್ವಯಿಸುವುದೆಂದು ಹೇಳಿದೆ. ಪಂಪು ಕೊಳ್ಳಲು ಬಂದವನನ್ನು ಬಾವಿಯ ಆಳ ಕೇಳಬಹುದು, ಅವನ ಜಾತಿಯನ್ನಲ್ಲ.

ಕಟ್ಟಿದ ಅಂಕಣವನ್ನು ಕೆಡವುವ ಕ್ರಮವೂ ಉಂಟು. ಮೊದಲು ಅದರ ಹೆಸರು ಯಾವ ಯಾವ ವರದಿಯಲ್ಲಿ, ಸೂತ್ರದಲ್ಲಿ, ಕಾಗದದ ನಮೂನೆಯಲ್ಲಿ ಸೇರಿಕೊಂಡಿದೆ ಎಂದು ಹುಡುಕಬೇಕು. ಅದರೊಳಗಿನ ದತ್ತಾಂಶದಲ್ಲಿ ಉಳಿಸಿಕೊಳ್ಳತಕ್ಕದ್ದೇನಾದರೂ ಇದ್ದರೆ ಪ್ರತಿ ತೆಗೆದಿಡಬೇಕು. ಸೇಲ್ಸ್‌ಫೋರ್ಸಿನಲ್ಲಿ ಹಾಗೆ ಅಳಿಸಿದ ಅಂಕಣವು ಹದಿನೈದು ದಿನಗಳ ಕಾಲ ಮರೆಯಲ್ಲಿರುತ್ತದೆ. ಬೇರೆ ಶಾಖೆಯವರು ಯಾರಾದರೂ ತಮ್ಮ ಲೆಕ್ಕ ನಿಂತುಹೋಯಿತೆಂದು ಆ ಅವಧಿಯೊಳಗೆ ಕೂಗಿಕೊಂಡು ಬಂದರೆ ಮರಳಿ ತರಬಹುದು. ಹದಿನಾರನೆಯ ದಿನ ಬಂದವರಿಗೆ ಪ್ರತಿಯಿದ್ದರೆ ಪ್ರತಿ ಕೊಡಬಹುದು, ಅಂಕಣವನ್ನಲ್ಲ.